ಎರಡು ಬೋಲ್ಟಿನ ಕೋವಿ

ಎಲ್ಲ ಫಜೀತಿಗೂ ಮೂಲ ಎರಡು ಬೋಲ್ಟುಗಳು. ನಾಟಕದ ರಿಹರ್ಸಲ್ಲಿನಲ್ಲಿ ಬೇಟೆಗಾರನ ಪಾತ್ರದ ರೋಹಿದಾಸ ಜಿಂಕೆಮರಿಯನ್ನು ಕಂಡು ಮನಸ್ಸು ಕರಗಿ, "ಇನ್ನೆಂದೂ ಈ ಪಾಪದ ವಸ್ತುವನ್ನು ಕೈಯಲ್ಲಿ ಹಿಡಿಯಲಾರೆ!" ಎಂದು ಕೋವಿಯನ್ನು ನೆಲಕ್ಕೆಸೆದ. ಬಿದ್ದ ರಭಸಕ್ಕೆ ನಳಿಗೆ ಒಂದು ಕಡೆ, ಮರದ ಹಿಡಿ ಇನ್ನೊಂದು ಕಡೆ ಹಾರಿತು. ಒಂದು ಬೋಲ್ಟು ಟಣ್ ಟಣ್ ಎಂದು ಕುಣಿಯುತ್ತಾ ಹೋಗಿ ತಬಲಾದವನ ಮಡಿಲು ಸೇರಿತು. ಕಣ್ಣೀರು ಬರಬೇಕಾದ ಜಾಗದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿರ್ದೇಶಕ ರಾಜಗೋಪಾಲರು ಮಾತ್ರ ನಗಲಿಲ್ಲ. "ಶುಕ್ರವಾರವೂ ಹೀಗಾಗ್ತದೆ ಅಂತಾದ್ರೆ ಈಗಲೇ ಹೇಳಿ ಮಾರಾಯ್ರೆ. ಪಾರ್ಟು ಆಲ್‌ಸ್ಟನ್ನಿಗೆ ಕೊಡ್ತೇನೆ."

ಪಕ್ಕದಲ್ಲೇ ನಿಂತಿದ್ದ ಆಲ್‌ಸ್ಟನ್ ಬೇಟೆಗಾರನ ಮಾತನ್ನು ಆಗಲೇ ಬಾಯಿಪಾಠ ಮಾಡಿಕೊಂಡಿದ್ದ.

ಕುವೈತಿನ ಸಬ್ಹಾನ್ ಎಂಬಲ್ಲಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ರೋಹಿದಾಸನಿಗೆ ಅಲ್ಲಿನ ಕನ್ನಡ ಸಂಘದ ನಾಟಕದಲ್ಲಿ ಬಾಯಿ ತೆರೆಯುವ ಪಾತ್ರ ಸಿಕ್ಕಿದ್ದು ಇದೇ ಮೊದಲು. ಹಿಂದೆ ಅವನು ಮರವಾಗಿದ್ದ, ಕಂಬವಾಗಿದ್ದ, ಒಂದು ವರ್ಷ ಕುದುರೆಯ ಹಿಂಗಾಲೂ ಆಗಿದ್ದ. ಈ ಸಲ ಒಂದು ವಾಕ್ಯ. ಒಂದೇ ಆದರೂ ವಾಕ್ಯವೇ! ಕಾರ್ಕಳದಲ್ಲಿ ಅತ್ತೆ, ಮಾವ, ಭಾವಂದಿರೆಲ್ಲ ಒಟ್ಟಾಗಿ ವಿಡಿಯೋ ಕಾಲ್‌ನಲ್ಲಿ ನೋಡುವುದೆಂದು ಹೆಂಡತಿ ಸುಗುಣಾ ಏರ್ಪಾಡು ಮಾಡಿಬಿಟ್ಟಿದ್ದಳು. ಇನ್ನು ಪಾತ್ರ ಹೋದರೆ ಮಾವನ ಮನೆಯ ಮೆಟ್ಟಿಲು ಹತ್ತುವಂತಿಲ್ಲ.

ಕೋವಿಯನ್ನು ಮನೆಯಲ್ಲೇ ಮಾಡಿದವನೂ ಅವನೇ. ಎ.ಸಿ. ನೀರು ಹೋಗುವ ಪೈಪು ನಳಿಗೆಯಾಗಿತ್ತು, ಹಳೆಯ ಮಂಚದ ಕಾಲು ಹಿಡಿಯಾಗಿತ್ತು. ಒಂದೇ ತುಂಡಾಗಿ ಮಾಡಬಹುದಿತ್ತಲ್ಲ ಎನ್ನಬೇಡಿ. ಕುವೈತಿನ ರಸ್ತೆಯಲ್ಲಿ ಕೋವಿಯಂಥದ್ದನ್ನು ಹಿಡಿದು ನಡೆದರೆ, ಇದು ನಾಟಕದ್ದು ಎಂದು ವಿವರಿಸಿ ಮುಗಿಸುವುದರೊಳಗೆ ಊರಿನ ವಿಮಾನ ಹತ್ತಿಸಿಯಾರು. ಹಾಗಾಗಿ ಮನೆಯಿಂದ ಹೊರಡುವಾಗ ಅದು ಬಿಚ್ಚಬೇಕು, ರಂಗದ ಮೇಲೆ ಬಿಚ್ಚಬಾರದು.

ಶುಕ್ರವಾರ ಬೆಳಿಗ್ಗೆ ರೋಹಿದಾಸ ಹಾಲ್‌ನಲ್ಲಿ ಚಾಪೆ ಹಾಸಿ, ಬೋಲ್ಟು ಬಿಗಿದು ನೋಡುವುದು, ಅಲುಗಾಡಿಸುವುದು, ಮತ್ತೆ ಬಿಗಿಯುವುದು ಮಾಡುತ್ತಿದ್ದ. ತೆರೆದ ಬಾಗಿಲಿನಿಂದ ಪಕ್ಕದ ಫ್ಲಾಟಿನ ರಾಝಿಕ್ ಇಣುಕಿದ. ಅವನು ಗ್ಯಾರೇಜಿನ ಮೆಕ್ಯಾನಿಕ್. ಸಡಿಲ ಬೋಲ್ಟು ಕಂಡರೆ ಅವನಿಗೆ ಊಟ ಸೇರುವುದಿಲ್ಲ.

"ಎಂತ ರೋಹಿದಾಸಣ್ಣ, ಸ್ಪ್ರಿಂಗ್ ವಾಶರ್ ಇಲ್ಲದೆ ಬೋಲ್ಟು ನಿಲ್ತದಾ?" ಎಂದವನು ವಾಶರುಗಳನ್ನೂ ಒಂದು ಸಣ್ಣ ಕೆಂಪು ಬಾಟಲಿಯನ್ನೂ ತಂದ. ಬಾಟಲಿಯ ಅಂಟನ್ನು ಬೋಲ್ಟಿನ ತಿರುಪಿಗೆ ಸುರಿದು, ಮೈಯ ಬಲವೆಲ್ಲ ಹಾಕಿ ಪಾನಾ ತಿರುಗಿಸಿದ.

ಅಷ್ಟರಲ್ಲಿ ಎದುರು ಫ್ಲಾಟಿನ ನರ್ಸ್ ಕ್ಲಾರಾ ಬಂದಳು. "ನಮ್ಮ ಡ್ಯಾಡಿ ಹೊಲಿಗೆ ಮೆಶಿನಿನ ಸ್ಕ್ರೂಗೆ ನೈಲ್ ಪಾಲಿಶ್ ಹಚ್ತಾ ಇದ್ದದ್ದು. ಸಾಯುವ ತನಕ ಒಂದೂ ಬಿದ್ದಿಲ್ಲ," ಎಂದು ಬೋಲ್ಟುಗಳ ತಲೆಗೆ ಗುಲಾಬಿ ಬಣ್ಣ ಬಳಿದೇ ಬಿಟ್ಟಳು. ಬೇಟೆಗಾರನ ಕೋವಿ ಮದುಮಗಳ ಹಾಗೆ ಕಂಡಿತು.

"ಇನ್ನು ಇದನ್ನು ಬಿಚ್ಬೇಕಾದ್ರೆ ಬೆಂಕಿಯಲ್ಲಿ ಕಾಯಿಸ್ಬೇಕು," ಎಂದ ರಾಝಿಕ್ ಹೆಮ್ಮೆಯಿಂದ.

"ಅಯ್ಯೋ ಭಾಯಿ! ಈಗ ಬಿಚ್ಲಿಕ್ಕೆ ಉಂಟಲ್ಲ!"

"ಬಿಚ್ಬಾರ್ದು ಅಂತ ನೀವೇ ಅಲ್ವಾ ತಲೆಬಿಸಿ ಮಾಡ್ಕೊಂಡದ್ದು?"

ಮೂವರೂ ಸೇರಿ ಎಳೆದರು, ತಿರುಚಿದರು. ಕೋವಿ ಜಗ್ಗಲಿಲ್ಲ. ಕೊನೆಗೆ ಸುಗುಣಾ ಅದನ್ನು ಚಾಪೆಯಲ್ಲಿ ಸುತ್ತಿ, ಎರಡೂ ಕಡೆ ದಾರ ಕಟ್ಟಿದಳು. ಕಟ್ಟಡದ ಕಾವಲುಗಾರ ಹಾರಿಸ್ ಲಿಫ್ಟಿನ ಬಾಗಿಲಲ್ಲೇ ತಡೆದ.

"ಶುನು ಹಾದಾ? ಏನಿದು?"

"ಕರ್ಟನ್ ರಾಡ್," ಎಂದಳು ಸುಗುಣಾ.

ಹಾರಿಸ್ ಒಳ್ಳೆಯ ಮನುಷ್ಯ. "ಯಲ್ಲಾ, ನಡೀರಿ" ಎಂದು ತಾನೇ ಕಟ್ಟನ್ನು ಹೆಗಲಿಗೇರಿಸಿಕೊಂಡು ಕಾರಿನ ಕಡೆ ಹೊರಟ. ಎದುರಿನಿಂದ ಪೊಲೀಸ್ ಗಾಡಿ ನಿಧಾನಕ್ಕೆ ಬರುತ್ತಿತ್ತು. ಹಾರಿಸ್ ಅವರಿಗೆ ಸಲಾಂ ಹೇಳಿ ಕೈಬೀಸಿದ, ಅವರೂ ಬೀಸಿದರು. ಹಿಂದೆ ಬರುತ್ತಿದ್ದ ರೋಹಿದಾಸನಿಗೆ ಈ ದೇಶದಲ್ಲಿರಲು ಬೇಕಾದ ಇಕಾಮಾ, ಕೆಲಸ, ಫ್ಲಾಟು ಎಲ್ಲವೂ ಆ ಚಾಪೆಯೊಳಗೇ ಸುತ್ತಿಕೊಂಡಂತೆ ಕಂಡಿತು. ಗಾಡಿ ನಿಲ್ಲದೆ ಮುಂದೆ ಹೋಯಿತು.

ಸಭಾಂಗಣ ತಲುಪಿ ಚಾಪೆ ಬಿಚ್ಚಿದರೆ ಇನ್ನೊಂದು ಕಷ್ಟ. ರಾಝಿಕ್ ಬಿಗಿದ ಬಿಗಿತಕ್ಕೆ ಮರದ ಹಿಡಿಯೇ ಸಣ್ಣಗೆ ಸೀಳು ಬಿಟ್ಟಿತ್ತು. ಎಸೆದರೆ ಎರಡಾಗುವುದು ಖಂಡಿತ. ರೋಹಿದಾಸ ಸೆಟ್ಟಿನವರ ಪೆಟ್ಟಿಗೆ ತಡಕಾಡಿ ಸೂಪರ್ ಗ್ಲೂ ಹುಡುಕಿ ತೆಗೆದ. ಸೀಳಿಗೆ ಒಂದು ಹನಿ ಹಾಕಿದ. ಧೈರ್ಯಕ್ಕೆ ಇನ್ನೊಂದು ಹಾಕಿದ. ಅತ್ತೆಯ ಮುಖ ನೆನಪಾಗಿ ಉಳಿದದ್ದನ್ನೆಲ್ಲ ಹಿಂಡಿದ.

"ರೋಹಿದಾಸ್, ಎಂಟ್ರಿ!" ಎಂದು ಒಳಗಿನಿಂದ ಯಾರೋ ದೂಡಿದರು. ಅವನು ಕೋವಿಯನ್ನು ಗಟ್ಟಿಯಾಗಿ ಹಿಡಿದು ರಂಗಕ್ಕೆ ನುಗ್ಗಿದ.

ಹೇಳಲೇಬೇಕು, ಅವನು ಚೆನ್ನಾಗಿಯೇ ಅಭಿನಯಿಸಿದ. ಗುರಿಯಿಟ್ಟ, ನಡುಗಿದ, ಜಿಂಕೆಮರಿಯ ಕಣ್ಣು ನೋಡಿ ನಿಂತುಬಿಟ್ಟ. ಸಭೆಯಲ್ಲಿ ಒಂದು ಮಗುವೂ ಕೆಮ್ಮಲಿಲ್ಲ. ಮುಂದಿನ ಸಾಲಿನಲ್ಲಿ ಸುಗುಣಾ ಫೋನು ಎತ್ತಿ ಹಿಡಿದು ಕಣ್ಣೊರೆಸಿಕೊಂಡಳು.

"ಇನ್ನೆಂದೂ ಈ ಪಾಪದ ವಸ್ತುವನ್ನು ಕೈಯಲ್ಲಿ ಹಿಡಿಯಲಾರೆ!"

ಎಸೆದ. ಕೋವಿ ಹೋಗಲಿಲ್ಲ. ಇನ್ನೂ ಜೋರಾಗಿ ಕೈ ಬೀಸಿದ. ಕೈಯೊಂದಿಗೆ ಕೋವಿಯೂ ಮೇಲೆ ಹೋಗಿ, ಕೈಯೊಂದಿಗೇ ಕೆಳಗೆ ಬಂತು. "ಹಿಡಿಯಲಾರೆ!" ಎಂದು ಮತ್ತೊಮ್ಮೆ ಕೂಗಿ, ಹಿಡಿಯನ್ನು ಕಾಲಡಿಗೆ ಹಾಕಿ ಎಳೆದ. ಆ ನಿಶ್ಶಬ್ದದಲ್ಲಿ ಸುಗುಣಾಳ ಫೋನಿನಿಂದ ಅತ್ತೆಯ ದನಿ ಇಡೀ ಸಭೆಗೆ ಕೇಳಿಸಿತು.

"ಬಾಯಲ್ಲಿ ಮಾತ್ರ ಹೇಳುದು ಮಗಾ, ಬಿಡ್ಲಿಕ್ಕೆ ಮನಸ್ಸಿಲ್ಲ ಅವರಿಗೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಜಿಂಕೆಮರಿಯೂ ನಕ್ಕಿತು.

ನಾಟಕ ಮುಗಿದ ಮೇಲೆ, ನೋಡಲು ಬಂದಿದ್ದ ಕ್ಲಾರಾ ನೈಲ್ ಪಾಲಿಶ್ ರಿಮೂವರ್ ಹಾಕಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ರಾಜಗೋಪಾಲರು ಬಂದರು. ರೋಹಿದಾಸ ತಲೆ ತಗ್ಗಿಸಿ, "ಸರ್, ಬೋಲ್ಟು ಮಾತ್ರ ಅಲ್ಲಾಡ್ಲಿಲ್ಲ," ಎಂದ.

"ನೋಡಿದೆ ಮಾರಾಯ್ರೆ. ಮುಂದಿನ ವರ್ಷವೂ ನಿಮಗೆ ಪಾರ್ಟು ಉಂಟು. ಕೋವಿಯ ಪಾರ್ಟೇ. ಅರಮನೆ ಬಾಗಿಲಿನ ಪಹರೆಯವ. ಶುರುವಿನಿಂದ ಕೊನೆಯ ತನಕ ಸ್ಟೇಜಿನ ಮೇಲೇ ಇರ್ಬೇಕು. ಕೋವಿ ಬಿಸಾಡ್ಲಿಕ್ಕೆ ಇಲ್ಲ."

ರೋಹಿದಾಸನ ಮುಖ ಅರಳಿತು. "ಅಷ್ಟು ಹೊತ್ತಾ! ಮಾತು ಎಷ್ಟುಂಟು ಸರ್?"

"ಮಾತು ನಿಮಗೆಂತಕ್ಕೆ? ಅದೆಲ್ಲ ಆಲ್‌ಸ್ಟನ್ ಆಡ್ತಾನೆ. ರಾಜ ಅವನು."