ಯಾರೆಂದು ಕೇಳದೆ ಬಾಗಿಲು ತೆರೆಯುವವರಿಗೆ

ರಾಮಗಿರಿ
19 ಆಗಸ್ಟ್ 2008, ಸಂಜೆ ಏಳು ಗಂಟೆ

ಕಂಪ್ಯೂಟರಿನ ಹೊಸ್ತಿಲಲ್ಲಿ ಕುಳಿತು, ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದನ್ನೆಲ್ಲ ಒಳಗೆ ಬರಮಾಡಿಕೊಳ್ಳುವ ಡ್ರೈವರ್ ಎಂಬ ತಂತ್ರಾಂಶದ ಸನ್ನಿಧಿಗೆ,

ಮಾನ್ಯರೇ,

ತಮ್ಮ ಉದಾರ ಮನಸ್ಸಿಗೆ ನಿವೃತ್ತ ರೈಲ್ವೆ ಗೇಟ್‌ಮನ್ ಜುಂಜಯ್ಯನ ನಮಸ್ಕಾರಗಳು. ಬೆಳಿಗ್ಗೆ ಹೊಳಲ್ಕೆರೆಗೆ ಹೋದೆ, ಮಧ್ಯಾಹ್ನ ಬಂದೆ, ಊಟ ಸೇರಲಿಲ್ಲ. ದಿನ ಇಷ್ಟೇ ಆದರೂ ಅದರಲ್ಲಿ ತಮ್ಮ ಪಾತ್ರ ದೊಡ್ಡದಾದ್ದರಿಂದ ಬರೆಯುತ್ತಿದ್ದೇನೆ.

ಕಳೆದ ವರ್ಷ ತೀರಿಕೊಂಡ ನನ್ನ ಹೆಂಡತಿ ಮಲ್ಲಕ್ಕನ ದನಿ ಒಂದು ಪೆನ್ ಡ್ರೈವಿನಲ್ಲಿತ್ತು. ಮೊಮ್ಮಗಳು ಹೊಸ ಮೊಬೈಲ್ ಪರೀಕ್ಷಿಸುವಾಗ ಅಜ್ಜಿಗೆ ತಿಳಿಯದಂತೆ ರೆಕಾರ್ಡ್ ಮಾಡಿದ್ದು: “ಉಂಡ್ರೇನ್ರಿ? ಮಜ್ಜಿಗೆ ಮುಚ್ಚಿಟ್ಟೀನಿ. ನೀವು ತೆಗದು ಹಂಗೇ ಬಿಡ್ತೀರಿ, ಬೆಕ್ಕಿಗೆ ಹಬ್ಬ.” ಹೀಗೆ ನಲವತ್ತು ಸೆಕೆಂಡು ನನ್ನನ್ನು ಬೈದದ್ದು. ಆ ಮೊಬೈಲ್ ಆಮೇಲೆ ಕೆಟ್ಟಿತು. ಬೇರೆ ಪ್ರತಿ ಇಲ್ಲ. ಮಗಳು ಅನುಸೂಯಳಿಗಾಗಿ ಅದನ್ನು ಸಿ.ಡಿ.ಗೆ ಹಾಕಿಸಲು ಹೊಳಲ್ಕೆರೆಯ ಎತ್ತಪ್ಪನ ಕಂಪ್ಯೂಟರ್ ಅಂಗಡಿಗೆ ಒಯ್ದೆ.

ನಾನು ಮೂವತ್ತೊಂದು ವರ್ಷ ಗೇಟು ಕಾದವನು. ಗೇಟು ಮುಚ್ಚಿದ್ದೇನೆಂದು ಫೋನಿನಲ್ಲಿ ಹೇಳಿದರೆ ಸಾಲದು, ಗುಟ್ಟಿನ ನಂಬರನ್ನೂ ಹೇಳಬೇಕು. ನನ್ನ ದನಿಯ ಗುರುತಿದ್ದ ಸ್ಟೇಷನ್ ಮಾಸ್ಟರ್ ಕೂಡ “ನೀನೇ ಅಂತ ಗೊತ್ತೈತೆ ಕಣಪ್ಪ, ನಂಬರ್ ಹೇಳು” ಎನ್ನುತ್ತಿದ್ದರು. ಆ ಅಭ್ಯಾಸವೇ ನನ್ನ ತಪ್ಪಿಗೆ ಕಾರಣ. ಎಲ್ಲ ಬಾಗಿಲಲ್ಲೂ ಕೇಳುವವನೊಬ್ಬ ಇರುತ್ತಾನೆಂದು ನಂಬಿ, ಪೆನ್ ಡ್ರೈವನ್ನು ತಮ್ಮ ವಶಕ್ಕೆ ಬಿಟ್ಟು ಚಹಾ ಕುಡಿಯಲು ಹೋದೆ.

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಪಕ್ಕದ ಕಿಂಡಿಗೆ ತನ್ನದೊಂದನ್ನು ಸಿಕ್ಕಿಸಿದ. ಎತ್ತಪ್ಪ ಬಿಡಿಸಿ ಹೇಳಿದ ಪ್ರಕಾರ, ಅದು ತನ್ನ ಹೆಸರು, ಗಾತ್ರ ಏನೆಂದು ಹೇಳಿತೋ ಅಷ್ಟನ್ನೂ ತಾವು ನಂಬಿದಿರಿ. ಮದುವೆಗೆ ಎಂಟು ಜನವೆಂದು ಹೇಳಿ ಎಂಬತ್ತು ಜನ ಬಂದ ಹಾಗಾದರೂ ತಾವು ತಲೆ ಎಣಿಸಲಿಲ್ಲ. ಪಂಕ್ತಿ ತುಂಬಿದ ಮೇಲೆ ಅವರು ಅಡುಗೆಮನೆಗೂ ದೇವರಮನೆಗೂ ನುಗ್ಗಿ ಯಜಮಾನಿಕೆಯನ್ನೇ ವಹಿಸಿಕೊಂಡರು. ಇಂಥ ಅತಿಥಿಸತ್ಕಾರವನ್ನು ನಾನು ನಾಲ್ಕು ತಾಲ್ಲೂಕಿನಲ್ಲಿ ಕಂಡಿಲ್ಲ. ನಾನು ಮರಳುವಷ್ಟರಲ್ಲಿ ಪರದೆ ನೀಲಿಯಾಗಿತ್ತು. “ಯಜಮಾನ್ರೇ, ಹೊರಗಿಂದ ವೈರಸ್ ಬಂದು ಎಲ್ಲಾ ಅಳಿಸಿ ಕುಂತೈತೆ. ನಿಮ್ದೂ ಹೋತು. ಬೈಬ್ಯಾಡ್ರಿ” ಎಂದ ಎತ್ತಪ್ಪ. ಬೈಯಲಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದಲ್ಲ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ತಾವು ಒಂದು ವಾರ ನಮ್ಮ ಗೇಟಿಗೆ ತರಬೇತಿಗೆ ಬರಬೇಕು. ಊಟ ನಮ್ಮಲ್ಲೇ, ನಾನೇ ಮಾಡುವುದರಿಂದ ರುಚಿಯ ಬಗ್ಗೆ ಭರವಸೆ ಕೊಡಲಾರೆ. ಬರಲಾಗದಿದ್ದರೆ ಆ ನಲವತ್ತು ಸೆಕೆಂಡನ್ನು ಮಲ್ಲಕ್ಕನಿಂದಲೇ ಇನ್ನೊಮ್ಮೆ ಹೇಳಿಸಿ ಕಳುಹಿಸಬೇಕು.

ತಮ್ಮಷ್ಟು ಬೇಗ ಯಾರನ್ನೂ ನಂಬಲಾರದ,
ತಮ್ಮ ವಿಶ್ವಾಸಿ,
ಜುಂಜಯ್ಯ

ಮರೆತ ಮಾತು: ತಮ್ಮಲ್ಲಿರುವ ತೂತಿಗೆ ತೇಪೆ ಸಿದ್ಧವಾಗಿ ಮೂರು ತಿಂಗಳಾಯಿತಂತೆ, ಎತ್ತಪ್ಪ ಹಾಕಿರಲಿಲ್ಲ. ಅಂದರೆ ತಮ್ಮನ್ನು ಮಾಡಿದವರಿಗೂ, ಮುರಿದವರಿಗೂ, ಇಟ್ಟುಕೊಂಡವನಿಗೂ ವಿಷಯ ತಿಳಿದಿತ್ತು. ನಂಬಿ ಬಂದವನಿಗೆ ಮಾತ್ರ ತಿಳಿದಿರಲಿಲ್ಲ. ನಾಳೆ ಮಲ್ಲಕ್ಕನ ವರ್ಷದ ತಿಥಿ. ಅನುಸೂಯ ಧರ್ಮಪುರದಿಂದ ಮೊದಲ ಬಸ್ಸಿಗೆ ಹೊರಡುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ.