ಗೊಂಬೆ ಮೆಟ್ಟಿಲೇರಿದ ಡ್ರ್ಯಾಗನ್

ಮನೆ ಸಾಮಾನು ಸಾಗಿಸುವಾಗ ಬಸಮ್ಮನವರ ಮಹಿಷಾಸುರನ ಕುತ್ತಿಗೆ ಮುರಿಯದೇ ಹೋಗಿದ್ದರೆ ಚಂದ್ರಮೌಳಿಗೆ ಈ ಫಜೀತಿ ಬರುತ್ತಿರಲಿಲ್ಲ.

ಅತ್ತೆ ಬಸಮ್ಮ ಯಾದವಗಿರಿಯ ಮಗಳ ಮನೆಗೆ ಬಂದು ಇರತೊಡಗಿದ ಮೇಲೆ ಇದು ಮೊದಲ ನವರಾತ್ರಿ. ಪೆಟ್ಟಿಗೆ ಬಿಚ್ಚಿದರೆ ಉಳಿದ ಗೊಂಬೆಗಳೆಲ್ಲ ಕ್ಷೇಮ, ಮಹಿಷಾಸುರ ಮಾತ್ರ ಎರಡು ತುಂಡು. ತೀರಿಕೊಂಡ ಮಾವನವರು ಮದುವೆಯಾದ ವರ್ಷ ತಂದುಕೊಟ್ಟಿದ್ದ ಗೊಂಬೆ ಅದು. ಬಸಮ್ಮ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದರು.

ಇವತ್ತು ಬೆಳಿಗ್ಗೆ ಚಂದ್ರಮೌಳಿ ಸ್ನಾನ ಮುಗಿಸಿ ಬಂದಾಗ ಅತ್ತೆ ಹಾಡು ಗುನುಗುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ, ಚಾಮುಂಡಿಯ ಎದುರು, ಹಣೆಗೆ ಕುಂಕುಮ ಇಡಿಸಿಕೊಂಡು ಅವನ ಡ್ರ್ಯಾಗನ್ ಕೂತಿತ್ತು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ.

ಆ ಡ್ರ್ಯಾಗನ್ ಅವನ ಸೇನಾಪತಿ. ದೇವರಾಜ ಮೊಹಲ್ಲಾದ ಒಂದು ಮಹಡಿಯಲ್ಲಿ ಕೆಲವರು ಬಿಡುವಿದ್ದಾಗ ಸೇರಿ, ಬೆರಳುದ್ದದ ರಾಕ್ಷಸರನ್ನೂ ಯಕ್ಷರನ್ನೂ ಮೇಜಿನ ಮೇಲೆ ನಿಲ್ಲಿಸಿ, ದಾಳ ಎಸೆದು ಯುದ್ಧ ಆಡುತ್ತಾರೆ. ಪ್ರತಿವರ್ಷ ಮೊದಲ ಸುತ್ತಿನಲ್ಲೇ ಸೋಲುತ್ತಿದ್ದ ಚಂದ್ರಮೌಳಿ ಈ ಸಲ ಯಾವ ತುಕಡಿಗೆ ಯಾವ ತುಕಡಿ ಎದುರಾದರೆ ಗೆಲುವಿನ ಸಂಭವ ಎಷ್ಟೆಂದು ಲೆಕ್ಕ ಹಾಕಿ ಹಾಕಿ ಫೈನಲ್ ತಲುಪಿದ್ದ. ಫೈನಲ್ ಇವತ್ತು ಸಂಜೆ. ಸೇನಾಪತಿ ಇಲ್ಲದ ಸೇನೆ ಆಡುವಂತಿಲ್ಲ.

"ಅತ್ತೆ, ಅದು ಸಂಜೆಗೆ ನನಗೆ ಬೇಕಿತ್ತು."

"ಕೂರಿಸಿದ ಗೊಂಬೇನ ವಿಜಯದಶಮಿಗೆ ಮುಂಚೆ ಎತ್ತೋ ಹಂಗಿಲ್ಲ ಅಳಿಯಂದಿರೇ. ನೋಡಿ, ಎಷ್ಟು ಲಕ್ಷಣವಾಗವನೆ. ನಮ್ಮ ಹಳೇ ಮಹಿಷಂಗೆ ರೆಕ್ಕೆನೇ ಇರಲಿಲ್ಲ."

ಅವನು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತ. "ನೀನಾದರೂ ಹೇಳು ಸುಷ್ಮಾ."

"ಅಮ್ಮ ಇವತ್ತು ಎರಡು ದೋಸೆ ತಿಂದಿದ್ದಾರೆ ಕಣ್ರೀ," ಎಂದಳು ಸುಷ್ಮಾ. "ನನ್ನ ಕೈಲಂತೂ ಆಗಲ್ಲ."

ಅಷ್ಟರಲ್ಲಿ ಗೊಂಬೆ ನೋಡಲು ಪಕ್ಕದ ಮನೆಯ ಶಿವನಂಜಮ್ಮ ಬಂದರು. ಹಿಂದೆಯೇ ಎದುರು ಮನೆಯ ಕರಿಬಸವಯ್ಯ. ರಿಟೈರ್ ಆದ ಮೇಲೆ ಬೀದಿಯನ್ನೇ ಆಫೀಸು ಮಾಡಿಕೊಂಡವರು ಅವರು. ಅಳಿಯನ ಜೋಲುಮುಖದ ಕಾರಣ ಕೇಳಿ ಅಲ್ಲೇ ತೀರ್ಪು ಕೊಟ್ಟರು.

"ರಾಕ್ಷಸ ತಾನೇ? ನಿಮ್ಮ ದಾಳದಲ್ಲೇ ತಾಯಿ ಕೈಲಿ ಸಾಯಿಸ್ಬುಡಿ. ಸತ್ತವನಿಗೆ ಮೆಟ್ಟಿಲ ಮೇಲೇನು ಕೆಲಸ? ಎತ್ಕೊಂಡು ಹೋಗಿ."

ಬಸಮ್ಮ ಯೋಚಿಸಿ, "ಆಡಿ, ನೋಡೋಣ," ಎಂದರು.

ಚಂದ್ರಮೌಳಿ ಹಿಗ್ಗಿದ. ಆದರೆ ನಿಯಮದ ಪುಸ್ತಕದಲ್ಲಿ ಚಾಮುಂಡಿಯ ಬಲಾಬಲ ಇರಲಿಲ್ಲ.

"ಎಂಟು ಕೈ, ಎಂಟು ದಾಳ," ಎಂದರು ಶಿವನಂಜಮ್ಮ.

"ಒಂದು ಅಭಯಹಸ್ತ, ಒಂದರಲ್ಲಿ ಕಮಲ. ಹೊಡೆಯೋದು ಆರೇ," ಎಂದ ಚಂದ್ರಮೌಳಿ.

"ಕಮಲದಲ್ಲಿ ಹೊಡೆದ್ರೆ ನೋವಾಗಲ್ವೇನ್ರೀ?"

ಕೊನೆಗೆ ತಾಯಿಗೆ ಆರು ದಾಳ, ಮೊದಲ ಏಟೂ ತಾಯಿಯದೇ. ಆದರೆ ಡ್ರ್ಯಾಗನ್ ಚರ್ಮ ದಪ್ಪ, ಆರು ಬಿದ್ದರೆ ಮಾತ್ರ ಗಾಯ. ಅದಕ್ಕೆ ಮೂರೇ ದಾಳವಾದರೂ ಮೂರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕು. ಐದು ಗಾಯವಾದವರು ಸೋತ ಹಾಗೆ. ಅವನು ಫೋನಿನಲ್ಲಿ ಲೆಕ್ಕ ಹಾಕಿದ. ಮುಖ ಬಾಡಿತು.

"ಎಷ್ಟು ಬಂತು?"

"ತಾಯಿ ಗೆಲ್ಲೋ ಸಂಭವ... ನೂರಕ್ಕೆ ಹದಿನಾರು."

ಬಸಮ್ಮ ಎದ್ದು ಅಡುಗೆಮನೆಗೆ ಹೋದರು.

"ಮೈಸೂರಲ್ಲಿ ನಿಂತ್ಕೊಂಡು ಆಡೋ ಮಾತೇನ್ರೀ ಇದು?" ಕರಿಬಸವಯ್ಯ ದನಿ ತಗ್ಗಿಸಿದರು. "ಬೆಟ್ಟಕ್ಕೆ ಕೇಳಿಸುತ್ತೆ."

ಅತ್ತೆ ಮರಳಿ ಬರುವ ಹೊತ್ತಿಗೆ ಚಂದ್ರಮೌಳಿಯ ಕಿವಿ ಬಿಸಿಯಾಗಿತ್ತು. ದಾಳದಾಟದಲ್ಲಿ ಎಂದೂ ಸುಳ್ಳಾಡದ ಮನುಷ್ಯ ಪುಸ್ತಕದಲ್ಲಿಲ್ಲದ ನಿಯಮವೊಂದನ್ನು ಕಟ್ಟಿದ. "ಸಿಂಹವನ್ನ ಮರೆತಿದ್ದೆ. ಸಿಂಹದ ಮೇಲೆ ಕೂತವರು ತಪ್ಪಿದ ದಾಳಗಳನ್ನ ಇನ್ನೊಂದು ಸಲ ಎಸೀಬಹುದು. ಈಗ ನೂರಕ್ಕೆ ಐವತ್ತೆಂಟು."

"ಅಂಗೆ ಬನ್ನಿ ದಾರಿಗೆ," ಎಂದರು ಶಿವನಂಜಮ್ಮ.

ತಾಯಿಯ ಪರವಾಗಿ ಬಸಮ್ಮ ದಾಳಗಳನ್ನು ಕಣ್ಣಿಗೊತ್ತಿಕೊಂಡು ಎಸೆದರು. ಚಂದ್ರಮೌಳಿ ಹುಟ್ಟಿದಾರಭ್ಯ ಮೊದಲ ಬಾರಿಗೆ ತನ್ನ ಸೋಲಿಗಾಗಿ ಬೇಡಿಕೊಂಡ. ಮೂರನೇ ಸುತ್ತಿನಲ್ಲಿ, ಎರಡನೇ ಸಲ ಎಸೆದ ದಾಳವೊಂದು ಉರುಳಿ ಉರುಳಿ ಆರರ ಮೇಲೆ ನಿಂತಿತು. ಡ್ರ್ಯಾಗನ್‌ಗೆ ಐದನೇ ಗಾಯ. ಶಿವನಂಜಮ್ಮ ಆರತಿಯನ್ನೇ ಎತ್ತಿಬಿಟ್ಟರು. ಕರಿಬಸವಯ್ಯ ಅಳಿಯನ ಕೈ ಕುಲುಕಿದರು. ಸೋತು ಇಷ್ಟು ಸಂತೋಷಪಟ್ಟವರನ್ನು ಅವರು ನೋಡಿರಲಿಲ್ಲ.

ಚಂದ್ರಮೌಳಿ ಡ್ರ್ಯಾಗನ್‌ಗೆ ಕೈ ಚಾಚಿದ. ಅದಕ್ಕೂ ಮುಂಚೆ ಬಸಮ್ಮ ಅದನ್ನು ಎತ್ತಿ, ಮಗುವನ್ನು ಮಲಗಿಸುವಂತೆ ಮೆಲ್ಲಗೆ ಮಗ್ಗುಲಾಗಿ ಮಲಗಿಸಿ, ಚಾಮುಂಡಿಯ ಪಾದದ ಕೆಳಗೆ ಸೇರಿಸಿದರು. ಒಂದು ಹೂವನ್ನೂ ಇಟ್ಟರು.

"ಅತ್ತೆ, ಸತ್ತವನನ್ನ ಒಯ್ಯಬಹುದು ಅಂತ..."

"ಅದು ಕರಿಬಸವಯ್ಯನವರು ಅಂದಿದ್ದು. ತಾಯಿ ಪಾದ ಸೇರಿದವನನ್ನ ಎಳ್ಕೊಂಡು ಹೋಗೋಕಾಗುತ್ತಾ?" ಅವನ ಕೈಗೆ ಒಂದು ಹಿಡಿ ಉಸಲಿ ಹಾಕಿ, ಬೇರೆಯವರಿಗೆ ಕೇಳದಂತೆ ಹತ್ತಿರ ಬಂದು ಪಿಸುಗುಟ್ಟಿದರು. "ಅವನೇ ಗೆದ್ದಿದ್ರೆ ಕೊಟ್ಟು ಕಳಿಸ್ತಿದ್ದೆ. ತಾಯೀನ ಸೋಲಿಸಿದವನನ್ನ ಒಂದು ಗಳಿಗೆ ಮನೇಲಿ ಇಟ್ಕೊಳ್ತಿದ್ನಾ? ನೂರಕ್ಕೆ ಹದಿನಾರು ಅಂದ್ರಲ್ಲ, ನಿಮ್ಮ ಲೆಕ್ಕ ತಪ್ಪಲ್ಲ ಅಂತ ಒಳಗೆ ಹೋಗಿ ಅವನನ್ನ ಒಯ್ಯೋಕೆ ಡಬ್ಬೀನೂ ಒರೆಸಿಟ್ಟು ಬಂದೆ. ಅಷ್ಟರಲ್ಲಿ ನೀವೇ ಸಿಂಹ ತಂದ್ಬುಟ್ರಿ."