ಬುರ್ಗಿಯ ಬೆಡ್‌ಶೀಟುಗಳೂ ಮೊದಲ ಹಿಮವೂ

ಡಿಸೆಂಬರ್ ಬಂದರೂ ನಮ್ಮ ಗುಡ್ಡ ಹಸಿರಾಗಿಯೇ ಇತ್ತು. ಹಸಿರು ಕಂಡರೆ ಕವಿಗಳಿಗೆ ಖುಷಿಯಾಗಬಹುದು. ಟಿರೋಲ್ ಬೆಟ್ಟಸೀಮೆಯಲ್ಲಿ ಸ್ಕೀ ಆಡಲು ಬರುವವರಿಗೆಂದು ಆರು ಕೋಣೆಗಳ ವಸತಿಗೃಹ ನಡೆಸುವ ನನ್ನಂಥವನಿಗೆ ಹೊಟ್ಟೆ ಉರಿಯುತ್ತದೆ. ಸ್ಕೀ ಆಡುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನವರು ಯಂತ್ರದಿಂದ ಉಗುಳಿಸಿದ ಹಿಮದ ಪಟ್ಟಿ ಒಂದೇ ಒಂದಿತ್ತು, ಜಮಖಾನೆಯಷ್ಟು ಅಗಲ. ಇಡೀ ಕಣಿವೆಯ ಜನ ಅದರ ಮೇಲೆ ಒಬ್ಬರ ಬೆನ್ನ ಮೇಲೊಬ್ಬರು ಜಾರುತ್ತಿದ್ದರು. (ಜಾರಿದವರಿಗಿಂತ ಕ್ಷಮೆ ಕೇಳಿದವರೇ ಹೆಚ್ಚು.)

"ರೀ, ಕ್ರಿಸ್‌ಮಸ್ ಒಳಗೆ ಕೋಣೆ ತುಂಬ್ಲಿಲ್ಲ ಅಂದ್ರೆ ನಮ್ಮಣ್ಣನ ಸಾಸೇಜ್ ಅಂಗಡೀಲಿ ಮಾಂಸ ಕೊಚ್ಚೋಕೆ ಹೋಗಿ. ನಾನಾಗ್ಲೇ ಮಾತಾಡಿದೀನಿ," ಎಂದಳು ನನ್ನ ಹೆಂಡತಿ ನೋಟ್‌ಬುರ್ಗ. (ಅವಳು ಸಿಟ್ಟಿನಲ್ಲಿಲ್ಲದಾಗ ನಾನು ಬುರ್ಗಿ ಎನ್ನುತ್ತೇನೆ.)

ಭಾವ ರುಪರ್ಟನ ಕೈಕೆಳಗೆ ಚಳಿಗಾಲವಿಡೀ! ಅದಕ್ಕಿಂತ ನಾನೇ ಆ ಮಾಂಸ ಕೊಚ್ಚುವ ಯಂತ್ರದೊಳಗೆ ಬೀಳುವುದು ವಾಸಿ. 'ಬೇಗ ಬನ್ನಿ, ನಾಲ್ಕು ರಾತ್ರಿ ತಂಗಿ, ಎರಡಕ್ಕೆ ಮಾತ್ರ ದುಡ್ಡು ಕೊಡಿ' ಎಂದು ಜಾಹೀರಾತು ಹಾಕಿದೆ. ಒಂದು ನೊಣವೂ ಬರಲಿಲ್ಲ. ಎದುರು ಬೆಟ್ಟದ ಮೇಲೊಂದು ಕ್ಯಾಮೆರಾ ಇದೆ. ಅದು ನಮ್ಮ ಮನೆಯ ಹಿಂದಿನ ಇಳಿಜಾರನ್ನು ದಿನವಿಡೀ ಲೋಕಕ್ಕೆಲ್ಲ ತೋರಿಸುತ್ತದೆ. ಈಗಿನ ಜನ ಮೊಬೈಲಿನಲ್ಲಿ ಅದನ್ನು ನೋಡಿಯೇ ಕೋಣೆ ಹಿಡಿಯುವುದು. ನೋಡಿದವರಿಗೆ ಕಂಡದ್ದು ಹುಲ್ಲು, ಹುಲ್ಲಿನ ಮೇಲೊಂದು ಆಡು.

ಬುರ್ಗಿ ಹಲ್ಲು ಕೀಳಿಸಲು ಇನ್ಸ್‌ಬ್ರುಕ್ ಪಟ್ಟಣಕ್ಕೆ ಹೋದ ದಿನ ನನಗೆ ಜ್ಞಾನೋದಯವಾಯಿತು. ಬೀರು ತೆಗೆದೆ. ಅವಳ ಅಜ್ಜಿ ಮದುವೆಗೆ ಕೊಟ್ಟ ಬಿಳೀ ಬೆಡ್‌ಶೀಟುಗಳು, ಒಂದೊಂದರ ಅಂಚಿಗೂ ಬುರ್ಗಿಯ ಹೆಸರಿನ ಕಸೂತಿ. ಒಂದನ್ನೂ ಬಿಡದೆ ಹೊತ್ತು ಗುಡ್ಡ ಹತ್ತಿದೆ, ಹಾಸಿದೆ, ಮೂಲೆಗಳಿಗೆ ಕಲ್ಲಿಟ್ಟೆ. ಮೊಬೈಲ್ ತೆಗೆದು ನೋಡಿದರೆ, ಆಹಾ! ಸಾಕ್ಷಾತ್ ಶ್ವೇತಗಿರಿ!

ಅರ್ಧ ಗಂಟೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. "ಹಿಮ ಹೇಗಿದೆ ರೀ?" ಎಂದಳು ಮ್ಯೂನಿಕ್‌ನ ಒಬ್ಬಾಕೆ.

"ಒಳ್ಳೇ ನೇಯ್ಗೆ... ಅಲ್ಲ, ಒಳ್ಳೇ ದಪ್ಪ ಇದೆ ಮೇಡಂ!"

ಸಂಜೆಯೊಳಗೆ ಮರುದಿನಕ್ಕೆ ಆರೂ ಕೋಣೆ ಭರ್ತಿ. (ಬಂದ ಮೇಲೆ 'ಅಯ್ಯೋ, ಈಗಷ್ಟೇ ಕರಗಿತು' ಎಂದರಾಯಿತು.) ಊದಿದ ಕೆನ್ನೆ ಹಿಡಿದುಕೊಂಡು ಬಂದ ಬುರ್ಗಿ ಸುದ್ದಿ ಕೇಳಿ, "ಪರವಾಗಿಲ್ವೇ, ನಿಮಗೂ ಬುದ್ಧಿ ಇದೆ!" ಎಂದು ಹಿಗ್ಗಿ, ಹಾಸಿಗೆ ಸಿದ್ಧ ಮಾಡಲು ಮಹಡಿಗೆ ಹೋದಳು. ಮರುಕ್ಷಣವೇ ಚೀತ್ಕಾರ.

"ರೀ! ಬೀರು ಖಾಲಿ! ನಮ್ಮಜ್ಜಿ ಬೆಡ್‌ಶೀಟ್ ಎಲ್ರೀ?"

"ಗಾಳಿಗೆ ಹಾಕಿದೀನಿ ಕಣೇ."

"ಎಲ್ಲಿ?"

ಕಿಟಕಿಯತ್ತ ಕೈ ತೋರಿಸಿದೆ. ಗುಡ್ಡವೇ ಕಾಣಲಿಲ್ಲ. ಹಿಮ! ವರ್ಷದ ಮೊದಲ ಹಿಮ, ಬೊಗಸೆ ಬೊಗಸೆಯಾಗಿ ಸುರಿಯುತ್ತಿತ್ತು. "ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗಾಯ್ತು ನೋಡು," ಎಂದೆ. ಅಂದೇ ಹಲ್ಲು ಕೀಳಿಸಿಕೊಂಡು ಬಂದವಳ ಮುಂದೆ ಆ ಗಾದೆ ಹೇಳಬಾರದಿತ್ತು.

"ನಾಳೆ ಹನ್ನೆರಡು ಜನ ಬರ್ತಾರೆ. ಏನು ಹಾಸ್ಲಿ, ನಿಮ್ಮ ಚರ್ಮಾನಾ? ಬೆಳಗಾಗ್ತಿದ್ದ ಹಾಗೇ ಹೋಗಿ ತರಬೇಕು, ಅಷ್ಟೇ!"

ಬೆಳಗ್ಗೆ ಸೊಂಟದವರೆಗೆ ಹಿಮ. ಬಿಳಿಯೊಳಗೆ ಬಿಳಿ ಹುಡುಕುವುದು ಹೇಗೆ? ಉದ್ದ ಕೋಲು ಹಿಡಿದು ಚುಚ್ಚುತ್ತಾ ಹೊರಟೆ. ನಮ್ಮ ಕಣಿವೆಯಲ್ಲಿ ಕೋಲಿನಿಂದ ಹಿಮ ಚುಚ್ಚುವವನನ್ನು ಕಂಡರೆ ಯಾರೂ ಸುಮ್ಮನೆ ಹೋಗುವುದಿಲ್ಲ. ಹಿಮ ಕುಸಿದು ಯಾರೋ ಹೂತುಹೋಗಿದ್ದಾರೆಂದೇ ಅರ್ಥ. ರಕ್ಷಣಾ ದಳದ ಮುಖ್ಯಸ್ಥ ಫಾಲ್ಟಿನ್ ಏದುಸಿರು ಬಿಡುತ್ತಾ ಓಡಿಬಂದ.

"ಕೊರ್ಬಿನಿಯನ್! ಕೆಳಗೆ ಸಿಕ್ಕೊಂಡಿರೋದು ಯಾರೋ?"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವನು ಅದನ್ನು ದುಃಖವೆಂದುಕೊಂಡ. "ಧೈರ್ಯ ತಗೋ ಮಾರಾಯ," ಎಂದು ಭುಜ ತಟ್ಟಿ ಸೈರನ್ ಹೊಡೆಸಿಬಿಟ್ಟ.

ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದ. ಪಾದ್ರಿ ಬಂದರು, ರಕ್ಷಣಾ ದಳದ ನಾಯಿ ಬಂತು. ಆಗತಾನೆ ಬಂದಿಳಿದ ನಮ್ಮ ಅತಿಥಿಗಳು ಪೆಟ್ಟಿಗೆಗಳನ್ನು ದಾರಿಯಲ್ಲೇ ಬಿಟ್ಟು ಸಲಿಕೆ ಹಿಡಿದರು. ನಿಜ ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಬ್ರಾಂದಿ ಸುರಿದರು. ಅಷ್ಟರಲ್ಲಿ ನಾಯಿ ಬೊಗಳಿತು. ಫಾಲ್ಟಿನ್ ಕೈಯಲ್ಲೇ ಬಗೆದ. ಬಿಳೀ ಬಟ್ಟೆಯ ತುದಿ ಕಂಡಿತು. ಎಲ್ಲರೂ ಟೋಪಿ ತೆಗೆದರು, ಮ್ಯೂನಿಕ್‌ನವಳು ಅತ್ತೇಬಿಟ್ಟಳು.

"ನಿಧಾನ, ನಿಧಾನವಾಗಿ ಎಳೀರಪ್ಪಾ!"

ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ಒಳಗೆ ಯಾರೂ ಇರಲಿಲ್ಲ. ಫಾಲ್ಟಿನ್ ಅಂಚಿನ ಕಸೂತಿ ಓದಿ, ನನ್ನ ಮುಖ ನೋಡಿದ. "ಇದು ಬುರ್ಗಿ ಬೆಡ್‌ಶೀಟಲ್ವೇನೋ?"

ಪಾದ್ರಿಗಳು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಅತಿಥಿಗಳು ಬಿದ್ದು ಬಿದ್ದು ನಕ್ಕು, ಉಳಿದವನ್ನೂ ತಾವೇ ಹುಡುಕುತ್ತೇವೆಂದು ಹಟ ಹಿಡಿದರು. ಸಿಕ್ಕಾಗಲೆಲ್ಲ ಚಪ್ಪಾಳೆ. ಕಡೆಯದನ್ನು ಹೆಗಲ ಮೇಲೆ ಹೊತ್ತು, ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡು ನಾನು ಮನೆಯೊಳಗೆ ಕಾಲಿಟ್ಟರೆ ಬುರ್ಗಿ ಫೋನಿನಲ್ಲಿ ನಗುತ್ತಿದ್ದಳು. ಇಡೀ ಪ್ರಹಸನ ಕ್ಯಾಮೆರಾದಲ್ಲಿ ಲೋಕಕ್ಕೆಲ್ಲ ಕಂಡಿತ್ತಂತೆ.

"ಹೌದು ಮೇಡಂ, ಮುಂದಿನ ವಾರಾನೂ ಹುಡುಕಾಟ ಇರತ್ತೆ. ಅದಕ್ಕೆ ಬೇರೆ ದುಡ್ಡಿಲ್ಲ, ಕೋಣೆ ಬಾಡಿಗೇಲೇ ಸೇರಿದೆ," ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಅಯ್ಯೋ, ಬೆಡ್‌ಶೀಟ್ ಇನ್ಮೇಲೆ ಹೂಳಲ್ಲ ಮೇಡಂ, ಅದು ನಮ್ಮಜ್ಜಿದು, ಬೆಲೆ ಬಾಳತ್ತೆ. ನಮ್ಮನೆಯವರನ್ನೇ ಹೂಳ್ತೀವಿ."